ಎಡಗಣ್ಣಿಲ್ಲದ ಸಂತ

ಸುಣ್ಣ ಅರಳಿಸುವವರ ನೀರನ್ನು ಮಠ ಕಿತ್ತುಕೊಂಡಿತು. ಗುಡಿಯ ಕೆಲಸಕ್ಕೆ ಬೇಕು ಎಂದಿತು. ಅಷ್ಟಕ್ಕೇ ಎಲ್ಲರೂ ಬಾಯಿ ಮುಚ್ಚಿಕೊಂಡರು.

ದೂರದ ಬೈಜಾಂಟಿಯಮ್‌ನ ಕ್ರೈಸ್ತ ಅರಸರ ಕಾಲ. ಹೊಳೆದಂಡೆಯ ಬಂಡೆಯ ಮೇಲೆ ಮಠ. ಬಂಡೆಯೊಳಗೆ, ಇಪ್ಪತ್ತು ಮೆಟ್ಟಿಲು ಕೆಳಗೆ, ಸತ್ತ ಸಂನ್ಯಾಸಿಗಳನ್ನು ಹೂಳುವ ಗುಡಿ. ಅದರ ಗೋಡೆ ತುಂಬ ಸಂತರ ಚಿತ್ರಗಳು.

ಆ ಚಿತ್ರಗಳನ್ನು ಹಸಿ ಗಾರೆಯ ಮೇಲೆ ಬರೆಯಬೇಕು. ಗಾರೆ ಒಣಗಿದರೆ ಬಣ್ಣ ಹಿಡಿಯುವುದಿಲ್ಲ. ಅದಕ್ಕೆ ತಿಳಿನೀರು ಬೇಕು.

ನೀರು ತಿರುಗಿಸಿದವನು ನಿಕೀತ, ಚಿತ್ರ ಕಲಿಯುತ್ತಿದ್ದ ಶಿಷ್ಯ. ಸುಟ್ಟ ಸುಣ್ಣಕ್ಕೆ ನೀರು ಹಾಕಿ ಅರಳಿಸುವ ಗುಂಡಿಗೆ ಹೋಗುತ್ತಿದ್ದ ಕಾಲುವೆಗೆ ಮಣ್ಣು ಹಾಕಿ ಕಟ್ಟಿ, ಗುಡಿಯ ಕಡೆಗೆ ಹರಿಸಿಕೊಂಡ. ಕೆಲಸದವರಿಗೆ, "ನೀವು ಹೊಳೆಯಿಂದ ಹೊತ್ತುಕೊಳ್ಳಿ" ಎಂದ. ಅವರು ಹೊತ್ತು ತಂದದ್ದು ಸುಣ್ಣಕ್ಕೇ ಸಾಲುತ್ತಿರಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಅವನು ಗುರುಗಳ ಬಳಿಗೆ ಓಡಿ ಬಂದ. ಗುರು ಇಲಾರಿಯನ್ ಮುದುಕರು. ಆ ಗೋಡೆಗಳ ಅರ್ಧ ಚಿತ್ರ ಅವರ ಕೈಯದೇ. ಮಠದಲ್ಲಿ ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು.

"ಅಜ್ಜಾರೇ, ಕಳ್ಳಿ ಸಿಕ್ಕಿದ್ದಾಳೆ!"

"ಏನು ಕದ್ದಳು?"

"ಸಂತನ ಕಣ್ಣು."

"ಹಾಗಾದರೆ ನೋಡಲೇಬೇಕು," ಎಂದು ಮುದುಕರು ದೀಪ ಹಿಡಿದು ಕೆಳಗಿಳಿದರು.

ಗೋಡೆಗೆ ಒರಗಿ ಒಬ್ಬ ಹೆಂಗಸು ಕೂತಿದ್ದಳು. ಥೆಕ್ಲ ಎಂದು ಹೆಸರು, ಸುಣ್ಣದ ಗುಂಡಿಯ ಕೆಲಸದವಳು. ಮುಷ್ಟಿ ಬಿಗಿದಿತ್ತು. ಅವಳ ತಲೆಯ ಮೇಲೆ, ಚಿತ್ರದ ಸಂತನ ಎಡಗಣ್ಣಿನ ಜಾಗದಲ್ಲಿ, ಕೆರೆದ ಬಿಳಿ ಕುಳಿ.

"ಕೈ ಬಿಚ್ಚು," ನಿಕೀತ ಗದರಿದ.

"ಬಿಚ್ಚಲ್ಲ. ಉದುರಿಹೋದರೆ ನಿನ್ನ ಕಣ್ಣು ಕೊಡ್ತೀಯಾ?"

ಮುದುಕರು ಅವಳ ಎದುರು ಕುಕ್ಕರುಗಾಲಿನಲ್ಲಿ ಕೂತರು. "ಏನಮ್ಮಾ ಅದು?"

"ಔಷಧಿ, ಅಜ್ಜಾರೇ. ಸಂತನ ಕಣ್ಣಿನ ಪುಡಿ ನೀರಲ್ಲಿ ಕಲಸಿ ಹಚ್ಚಿದರೆ ಕಣ್ಣು ಉಳಿಯುತ್ತೆ. ನಮ್ಮವ್ವ ಹೇಳಿದ್ದಳು, ಅವಳಿಗೆ ಅವರವ್ವ ಹೇಳಿದ್ದಳು."

"ಬಲಗಣ್ಣು ಯಾಕೆ ಬಿಟ್ಟೆ?"

"ನನ್ನ ಬಲಗಣ್ಣು ಹೋಗಿ ಎಂಟು ದಿನ ಆಯಿತು. ಸುಣ್ಣ ಸಿಡೀತು. ತೊಳೆಯೋಕೆ ಬಂಡೆ ಇಳಿದು ಹೊಳೆಗೆ ಓಡಿದೆ, ಅಷ್ಟರಲ್ಲಿ ಬೆಂದುಹೋಗಿತ್ತು. ಅದಕ್ಕಿನ್ನೇನು ಔಷಧಿ? ಈಗ ಎಡಗಣ್ಣಿಗೆ ಸಿಡಿದಿದೆ. ನನಗೆ ಬೇಕಾದಷ್ಟೇ ಕೆರೆದಿದ್ದೀನಿ, ನಾನೇನು ದುರಾಸೆಯವಳಲ್ಲ."

"ಮೊದಲು ಸಿಡಿದಾಗ ಎಲ್ಲಿ ತೊಳೀತಿದ್ರಿ?"

"ಕಾಲುವೇಲಿ. ಗುಂಡಿ ಪಕ್ಕದಲ್ಲೇ ಇತ್ತಲ್ಲ, ಈ ಪುಣ್ಯಾತ್ಮ ಮುಚ್ಚೋವರೆಗೂ."

"ನನಗೆ ಗೊತ್ತಿರಲಿಲ್ಲ," ಎಂದ ನಿಕೀತ.

"ಕೇಳಿದ್ದೆಯಾ?" ಎಂದರು ಮುದುಕರು.



ಎದುರು ಗೋಡೆಗೆ ಆಗಷ್ಟೇ ಬಳಿದ ಗಾರೆ ಹಸಿಯಾಗಿತ್ತು. ಪಕ್ಕದಲ್ಲಿ ತುಂಬಿದ ಕೊಡ. ಮುದುಕರು ಅದನ್ನು ಎತ್ತಿ ಥೆಕ್ಲಳ ಕಣ್ಣಿಗೆ ನೀರು ಬಿಡತೊಡಗಿದರು.

"ಆ ಪುಡಿ ಬಿಸಾಕು ಮಗಳೇ, ಅದೂ ಸುಣ್ಣವೇ. ಕಣ್ಣು ತೆರೆದಿಟ್ಟುಕೋ. ಉರಿದರೂ ಮುಚ್ಚಬೇಡ."

"ಅಜ್ಜಾರೇ, ಅದು ಗಾರೆಯ ನೀರು!" ನಿಕೀತ ಕೂಗಿದ. "ಗಾರೆ ಒಣಗಿದರೆ ಬರೆಯೋ ಸಂತನ ಇಡೀ ಮುಖ ಕೆಡುತ್ತೆ. ಗುಡಿಯ ಹಬ್ಬಕ್ಕೆ ಮೂರೇ ದಿನ!"

"ಇನ್ನೊಂದು ಕೊಡ ತಾ."

"ಮಠದ ಒಡೆಯರಿಗೆ ಏನು ಹೇಳಲಿ?"

"ಮೊದಲು ಕೊಡ ತಾ. ಆಮೇಲೆ ಯೋಚನೆ ಮಾಡು."

ನಿಕೀತ ಏಳು ಕೊಡ ಹೊತ್ತು ತಂದ. ಎದುರು ಗೋಡೆಯ ಗಾರೆ ಬಿಳಿಚಿ ಬಿರುಕುಬಿಟ್ಟಿತು. ಯಾರೂ ಅತ್ತ ನೋಡಲಿಲ್ಲ.

ಏಳನೆಯ ಕೊಡ ಮುಗಿದಾಗ ಥೆಕ್ಲ ಕೆಂಪಾದ ಕಣ್ಣನ್ನು ಮಿಟುಕಿಸಿದಳು.

"ನಿಮ್ಮ ಗಡ್ಡ ಕಾಣ್ತಾ ಇದೆ ಅಜ್ಜಾರೇ. ಎಷ್ಟು ಕೊಳಕಾಗಿದೆ!"

ಮುದುಕರು ನಕ್ಕರು. ಆಮೇಲೆ ದೀಪ ಎತ್ತಿ ಗೋಡೆಯುದ್ದಕ್ಕೂ ನಡೆದರು. ಮೇಲಿನ ಸಾಲಿನ ಸಂತರ ಕಣ್ಣುಗಳು ಹಳೆಯವು. ಕೈಗೆಟುಕುವ ಸಾಲಿನ ಸಂತರ ಕಣ್ಣುಗಳೆಲ್ಲ ತೇಪೆಯವು, ಬಣ್ಣ ಬೇರೆ.

"ಇವನ್ನೆಲ್ಲ ತಿದ್ದಿದ್ದು ಯಾರು?"

"ನೀವು, ಅಜ್ಜಾರೇ."

"ಮೂವತ್ತು ವರ್ಷ ತಿದ್ದಿದೆ. ಪ್ರತಿ ಸಲವೂ ಕೆರೆದವರನ್ನು ಬೈದೆ. ಗುಡಿಯ ಕೆಲಸ ಬಂದಾಗಲೆಲ್ಲ ಆ ಕಾಲುವೆ ಕಟ್ಟಿಸಿದೆ. ನೀನು ಕಲಿತದ್ದು ನನ್ನಿಂದಲೇ. ಒಂದು ದಿನವೂ ಗುಂಡಿಯ ತನಕ ನಡೆದು ಹೋಗಲಿಲ್ಲ."

ಅವರು ಮೇಲೆ ಹತ್ತಿ, ಸಲಿಕೆ ತೆಗೆದುಕೊಂಡು, ಕಾಲುವೆಯ ಕಟ್ಟೆ ಅಗೆಯತೊಡಗಿದರು.

"ಒಡೆಯರ ಅಪ್ಪಣೆ ಆಗಿಲ್ಲ," ಎಂದ ನಿಕೀತ.

"ಕಟ್ಟುವಾಗ ಅವಳ ಅಪ್ಪಣೆ ಆಗಿತ್ತಾ?"

ನಿಕೀತ ಇನ್ನೊಂದು ಸಲಿಕೆ ತಂದ. ಮಧ್ಯಾಹ್ನದ ಹೊತ್ತಿಗೆ ಗುಂಡಿಯ ಪಕ್ಕ ನೀರು ಹರಿಯುತ್ತಿತ್ತು. ಥೆಕ್ಲಳ ಎಡಗಣ್ಣು ಉಳಿಯಿತು. ಬಲಗಣ್ಣು ಬರಲಿಲ್ಲ.

ಹಬ್ಬದ ದಿನ ಮಠದ ಒಡೆಯರು ಕೆಳಗಿಳಿದು ಬಂದರು. ಬಿರುಕು ಬಿಟ್ಟ ಗೋಡೆ ನೋಡಿದರು. ಕಣ್ಣಿಲ್ಲದ ಸಂತನನ್ನು ನೋಡಿದರು.

"ಇವತ್ತೇ ಅದನ್ನು ತಿದ್ದು, ಇಲಾರಿಯನ್."

"ತಿದ್ದುವುದಿಲ್ಲ. ಮೂವತ್ತು ವರ್ಷ ತಿದ್ದಿ ಮುಚ್ಚಿದ್ದು ಸಾಕು."

"ಕುಂಚ ಕಿತ್ತುಕೊಳ್ಳುತ್ತೇನೆ."

"ತಗೊಳ್ಳಿ," ಎಂದು ಮುದುಕರು ತಾವೇ ಕೊಟ್ಟರು.

ಒಡೆಯರು ನಿಕೀತನ ಕಡೆ ತಿರುಗಿದರು. "ನೀನು ತಿದ್ದು."

ಅವನೂ ತನ್ನ ಕುಂಚ ಮುಂದೆ ಚಾಚಿದ.

ಚಿತ್ರ ಬರೆಯುವ ಕೆಲಸ ಇಬ್ಬರಿಗೂ ಹೋಯಿತು; ಆ ಕಣ್ಣು ತಿದ್ದಲು ಬೇರೆ ಯಾರೂ ಇರಲಿಲ್ಲ. ನಿಕೀತ ಸುಣ್ಣದ ಗುಂಡಿಯ ಕೆಲಸಕ್ಕೆ ಸೇರಿದ. ಆ ಕಾಲುವೆಗೆ ಮತ್ತೆ ಯಾರೂ ಮಣ್ಣು ಹಾಕದ ಹಾಗೆ ಕಾದ. ಮುದುಕರಿಗೆ ದೀಪ ಹಿಡಿದು ಯಾತ್ರಿಕರಿಗೆ ಗುಡಿ ತೋರಿಸುವ ಕೆಲಸ ಬಂತು. ದೂರದೂರದಿಂದ ಜನ ಬರುತ್ತಿದ್ದರು. ಮೇಲಿನ ಸಾಲು ನೋಡಿ ಕೈಮುಗಿಯುತ್ತಿದ್ದರು, ಕೆಳಗಿನ ಸಾಲಿನ ಆ ಸಂತನ ಮುಂದೆ ನಿಂತು ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಅಯ್ಯೋ, ಇವರ ಎಡಗಣ್ಣು ಯಾಕೆ ಹೀಗೆ ಬಿಟ್ಟಿದ್ದೀರಿ?"

ಮುದುಕರು ದೀಪವನ್ನು ಚಿತ್ರದಿಂದ ತಿರುಗಿಸಿ, ಕೇಳಿದವರ ಮುಖಕ್ಕೆ ಹಿಡಿಯುತ್ತಿದ್ದರು.

"ಇಲ್ಲಿ ನೋಡಿದ್ದು ಸಾಕು, ಮೆಟ್ಟಿಲು ಹತ್ತಿ. ನಿಮ್ಮ ಮನೆಯ ಗೋಡೆಗೆ ಸುಣ್ಣ ಅರಳಿಸಿದವರು ಯಾರು ಅಂತ ವಿಚಾರಿಸಿ, ಅವರ ಗುಂಡಿಯ ತನಕ ನಡೆದು ಹೋಗಿ, ಪಕ್ಕದಲ್ಲಿ ನೀರಿದೆಯಾ ನೋಡಿ. ಇಲ್ಲದಿದ್ದರೆ ಅವತ್ತೇ ಕಾಲುವೆ ಅಗೆಯಿರಿ."