ಕಾಳವ್ವನ ಕಂಡಿ

ಹೊಸಗಟ್ಟಿಯ ನೂಲಿನ ಗಿರಣಿ ಈಗ ಇಲ್ಲ. ಅದಕ್ಕೆ ನೀರೆತ್ತುತ್ತಿದ್ದ ಪಂಪ್‌ಹೌಸು ಮಾತ್ರ ಹೊಳೆದಂಡೆಯ ಇಳಿಜಾರಿನಲ್ಲಿ ನಿಂತಿದೆ. ಕರಿಕಲ್ಲಿನ ಗೋಡೆ, ಸರಳು ಹಾಕಿದ ಆರು ಎತ್ತರದ ಕಮಾನುಕಿಟಕಿ, ಯಂತ್ರಕ್ಕಾಗಿ ಎರಡಾಳು ಆಳಕ್ಕೆ ತಗ್ಗಿಸಿದ ನೆಲ. ಆ ತಗ್ಗಿನ ಮಟ್ಟಕ್ಕೆ, ನೈರುತ್ಯದಲ್ಲಿ, ಹೊಳೆಯ ಕಡೆಗೆ ಏಳನೆಯ ಕಮಾನು. ಅದನ್ನು ಕಲ್ಲಿನಿಂದ ಮುಚ್ಚಲಾಗಿದೆ. ಮುಚ್ಚಿದ ಕಲ್ಲಿನ ನಡುವೆ ಒಬ್ಬರು ನುಸುಳುವಷ್ಟು ಕಂಡಿಯಿದೆ. ಗಿರಣಿಯ ಒಡೆಯರು ಕಟ್ಟಡಕ್ಕೆ ಇಟ್ಟ ಹೆಸರು ಯಾರಿಗೂ ನೆನಪಿಲ್ಲ. ಊರು ಕರೆಯುವುದು ಕಾಳವ್ವನ ಕಂಡಿ ಎಂದೇ.

ಹಿಂದೆ ಒಮ್ಮೆ, ಕಟ್ಟಡ ಮುಗಿಯುವ ಹೊತ್ತಿಗೆ, ನೈರುತ್ಯ ತೆರೆದಿರಬಾರದೆಂದು ಯಾರೋ ಒಡೆಯರಿಗೆ ಹೇಳಿದರಂತೆ. ಒಳಗೆ ಸೇರಿದ ನೀರು ಹೊಳೆಗೆ ಹೋಗಲೆಂದೇ ಆ ಕಮಾನು ಇತ್ತು. ಮೇಸ್ತ್ರಿ ಮಾನಪ್ಪನಿಗೆ ಅದು ಗೊತ್ತಿತ್ತು. ಆದರೂ ಅವನು ವಾಸ್ತುವಿಗೆ ಮಣಿದು, ಬೆಲ್ಲದ ನೀರಿನಲ್ಲಿ ಅರೆದ ಗಾರೆಯಿಂದ ಅದನ್ನು ಮುಚ್ಚಿದನು. ಕೊನೆಯ ಕಲ್ಲಿನ ಜಾಗವನ್ನು ಎದೆಮಟ್ಟದಲ್ಲಿ ಬಿಟ್ಟು, ಅಲ್ಲಿ ಮನೆಯ ಹೆಂಗಸಿನ ಕೈಯಿಂದ ಒಂದು ವೀಳ್ಯದೆಲೆ, ಚಿಟಿಕೆ ಅರಿಸಿನ ಇಡಿಸುವುದು ಆ ಕೆಲಸದವರ ಪದ್ಧತಿ. ಮಾನಪ್ಪನ ಹೆಂಡತಿ ಕಾಳವ್ವ ಎಲೆಯ ಇಡೀ ಕಟ್ಟನ್ನೇ ಹಾಸಿದಳು. ಅವನು ಗದರಿದನು.

“ಕಲ್ಲಿಗೆ ಊಟಕ್ಕ ಹಾಕಾಕ ಹತ್ತೀಯೇನ? ಇಷ್ಟು ಎಲಿ ಹಾಸಿದರ ಗಾರಿ ಹಿಡಿಯಂಗಿಲ್ಲ.”

“ನನ್ನ ಮಗ ದುಡಿಯೋ ಜಾಗಾ. ಇರಲಿ ಬಿಡ್ರಿ.”

ಅವರ ಮಗ ಮೌನೇಶನನ್ನು ಯಂತ್ರ ನೋಡಿಕೊಳ್ಳಲು ನೇಮಿಸಿದ್ದರು. ಮಾನಪ್ಪ ಆ ಎಲೆಗಳ ಮೇಲೆಯೇ ಗಾರೆ ಹಾಕಿ ಕೊನೆಯ ಕಲ್ಲು ಕೂರಿಸಿದನು.

ಮುಂದಿನ ಶ್ರಾವಣದಲ್ಲಿ ಮೇಲಿನ ಕಾಲುವೆಯ ಒಡ್ಡು ಒಡೆಯಿತು. ನೀರು ಬಾಗಿಲಿನಿಂದಲೇ ಒಳಗೆ ನುಗ್ಗಿತು. ತಗ್ಗಿನಲ್ಲಿದ್ದವನು ಮೌನೇಶನೊಬ್ಬನೇ. ಬಾಗಿಲ ಸೆಳವಿಗೆ ಎದುರಾಗಿ ಏರುವಂತಿರಲಿಲ್ಲ, ಕಿಟಕಿಗಳಿಗೆ ಸರಳು. ಅವನು ಯಂತ್ರದ ನೆತ್ತಿಗೆ ಹತ್ತಿದನು, ನೀರೂ ಹತ್ತಿತು. ಹೊರಗೆ ಮಾನಪ್ಪ ತಾನು ಮುಚ್ಚಿದ ಕಮಾನಿಗೆ ತಾನೇ ಸುತ್ತಿಗೆಯಿಂದ ಬಡಿಯುತ್ತಿದ್ದನು. ಕಿಡಿ ಹಾರಿತು, ಕಲ್ಲು ಅಲುಗಲಿಲ್ಲ. ಕೆಲಸ ಅಷ್ಟು ಗಟ್ಟಿಯಾಗಿತ್ತು. ಹುಡುಗನ ಗದ್ದಕ್ಕೆ ನೀರು ಬಂತೆಂದು ಹೊರಗಿನಿಂದ ಕಿಟಕಿಯಲ್ಲಿ ಇಣುಕುತ್ತಿದ್ದವರು ಕೂಗಿದರು. ಆಗ ಕಾಳವ್ವ ಗಂಡನ ತೋಳು ತಡೆದು, ಒಂದು ಕಲ್ಲಿನ ಮೇಲೆ ಅಂಗೈ ಇಟ್ಟಳು ಎನ್ನುತ್ತಾರೆ.

“ಇದಕ್ಕ ಹೊಡೀರಿ. ಇದು ನಂದು.”

ಎಲೆ ಕೊಳೆತ ಸಂದಿಗೆ ಹಾರೆ ಇಳಿಯಿತು. ಕಲ್ಲು ಕಿತ್ತು ಬಂತು; ನೀರಿನ ಒತ್ತಡಕ್ಕೆ ಸುತ್ತಲಿನವೂ ಕಳಚಿದವು. ಆ ಹರಿವಿನೊಡನೆ ಮೌನೇಶ ಹೊರಬಿದ್ದನು. ಉಸಿರಿತ್ತು.

ಕಂಡಿಯನ್ನು ಮತ್ತೆ ಮುಚ್ಚಬೇಕೆಂದು ಒಡೆಯರು ಆಜ್ಞೆ ಮಾಡಿದರು. ಮಾನಪ್ಪ ಗಾರೆ ಮೆತ್ತುವ ಕರಣಿ ಮುಟ್ಟಲಿಲ್ಲ. ಅವನು ಬಿಟ್ಟದ್ದನ್ನು ಬೇರೆ ಮೇಸ್ತ್ರಿಗಳೂ ಮುಟ್ಟಲಿಲ್ಲ. ನೋಡಲು ಬಂದವರು ಕಂಡಿಯನ್ನಷ್ಟೇ ನೋಡಿ ಹಿಂದಿರುಗುತ್ತಾರೆ. ಅದು ಸಾಲದು. ಕೆಳಗೆ ಹುಲ್ಲಿನಲ್ಲಿ ಒಂದು ಕಲ್ಲು ಮಗುಚಿ ಬಿದ್ದಿದೆ. ಬಗ್ಗಿ ನೋಡಬೇಕು. ಅದಕ್ಕೆ ಅಂಟಿದ ಗಾರೆಯಲ್ಲಿ, ಒಂದರ ಮೇಲೊಂದು ಹಾಸಿದ ವೀಳ್ಯದೆಲೆಗಳ ನರಗಳು ಈಗಲೂ ಸ್ಪಷ್ಟವಾಗಿ ಮೂಡಿವೆ.