ಇಪ್ಪತ್ತು ಅಂಕದ ಹುಡುಗ

ಬಿ.ಎಡ್. ಕಾಲೇಜಿನಲ್ಲಿ ಹದಿಹರೆಯದ ಮನಶ್ಶಾಸ್ತ್ರ ಕಲಿಸುತ್ತಿದ್ದವರು ಪ್ರೊಫೆಸರ್ ವೃಷಭೇಂದ್ರಯ್ಯ. ಅಸೈನ್‌ಮೆಂಟ್ ವಿಷಯದಲ್ಲಿ ಅವರು ಬಲು ಬಿಗಿ. ಹದಿಹರೆಯದ ಹುಡುಗನೊಬ್ಬನನ್ನು ವಾರವಿಡೀ ಕಣ್ಣಾರೆ ನೋಡಿ ಬರೆಯಬೇಕು. ಅವನ ಹೆಸರು ಹೇಳಕೂಡದು. ಸೋಮವಾರ ತಪ್ಪಿದರೆ ಇಪ್ಪತ್ತಕ್ಕೆ ಸೊನ್ನೆ.

"ಸರ್, ಬೆಳಗ್ಗೆಯಿಂದ ಸಂಜೆವರೆಗೂ ಇಲ್ಲೇ ಇರ್ತೀವಿ. ಹುಡುಗನ್ನ ಎಲ್ಲಿಂದ ತರೋಣ?" ಎಂದಳು ವಿದ್ಯಾರ್ಥಿನಿ ಗಂಗಾಂಬಿಕೆ.

"ಕಣ್ಣಿದ್ದರೆ ಎಲ್ಲಿ ಬೇಕಾದರೂ ಸಿಗ್ತಾನೆ ಕಣಮ್ಮ!"

ಗಂಗಾಂಬಿಕೆ ಕಣ್ಣು ಬಿಟ್ಟು ನೋಡಿದಳು. ಸೋಮವಾರ ಬರೆದು ಕೊಟ್ಟಳು. ಪ್ರೊಫೆಸರರು ಅದನ್ನು ತರಗತಿಯಲ್ಲೇ ಗಟ್ಟಿಯಾಗಿ ಓದತೊಡಗಿದರು.

"'ಬಾಗಿಲ ಬಳಿ ನಿಂತು ಮೊಬೈಲಿನಲ್ಲಿ ಮುಖ ನೋಡಿ ಕ್ರಾಪು ತೀಡಿಕೊಳ್ಳುತ್ತಾನೆ. ತನ್ನ ಜೋಕಿಗೆ ಯಾರೂ ನಗದಿದ್ದರೆ ಮುಖ ಊದಿಸಿಕೊಳ್ಳುತ್ತಾನೆ.' ಭೇಷ್! ಅಪ್ಪಟ ಹದಿಹರೆಯ! 'ಸಿಟ್ಟು ಬಂದರೆ ಸೀಮೆಸುಣ್ಣ ಎಸೆಯುತ್ತಾನೆ.'"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸೀಮೆಸುಣ್ಣ ಹಿಡಿದ ಪ್ರೊಫೆಸರರ ಕೈ ಮೇಲೆದ್ದಿತು, ಅಲ್ಲೇ ನಿಂತಿತು.

"ಯಾರಮ್ಮ ಈ ಹುಡುಗ?"

"ಹೆಸರು ಹೇಳಕೂಡದು ಅಂತ ನೀವೇ ಹೇಳಿದ್ರಿ, ಸರ್."

ಪ್ರೊಫೆಸರರು ಸೀಮೆಸುಣ್ಣವನ್ನು ಮೆಲ್ಲಗೆ ಡಬ್ಬಿಗೆ ಹಾಕಿದರು. "ಅವನು ಸುಧಾರಿಸ್ತಾನೋ ಇಲ್ಲವೋ, ಅದನ್ನ ಬರೆದೇ ಇಲ್ಲವಲ್ಲ?"

"ಕೊನೇ ಸಾಲು ಖಾಲಿ ಬಿಟ್ಟಿದ್ದೀನಿ, ಸರ್. ನೀವು ಅಂಕ ಹಾಕಿದ ಮೇಲೆ ಬರೀತೀನಿ."

ಪ್ರೊಫೆಸರರು ಕೆಂಪು ಪೆನ್ನು ತೆಗೆದರು. ಇಪ್ಪತ್ತಕ್ಕೆ ಹದಿನೆಂಟು ಹಾಕಿದರು. ಹುಡುಗನ ವಯಸ್ಸು ಬರೆದಿಲ್ಲವೆಂದು ಎರಡು ಕಳೆದರು.

ಗಂಗಾಂಬಿಕೆ ಅಲ್ಲೇ ನಿಂತು ಕೊನೆಯ ಸಾಲು ತುಂಬಿದಳು: "ಹುಡುಗ ಇವತ್ತು ಕೊಂಚ ದೊಡ್ಡವನಾದ."