ಹಂಡೆಯ ತಳದ ತೂತು

ಬಚ್ಚಲೊಲೆಯ ಮೇಲಿನ ತಾಮ್ರದ ಹಂಡೆಗೆ ತಳದಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು, ಮಸಿಯಲ್ಲಿ ಮರೆಯಾಗಿತ್ತು. ಹನಿ ಬಿದ್ದು ಬೆಂಕಿ ಚುಂಯ್ ಎಂದಾಗಲೆಲ್ಲ ಮನೆಯೊಡತಿ ನೀಲವ್ವ, “ಹಸಿ ಸೌದೆ. ನೀರು ಕಾಯುವುದೇ ಇಲ್ಲ,” ಎಂದು ಗೊಣಗುತ್ತಿದ್ದಳು. ತೂತು ಕಂಡರೆ ತನ್ನನ್ನು ಗುಜರಿಗೆ ಹಾಕುತ್ತಾರೆಂದು ಹೆದರಿದ ಹಂಡೆ, ಬೈಗುಳವೆಲ್ಲ ಸೌದೆಗೇ ಹೋಗಲೆಂದು ಸುಮ್ಮನಿತ್ತು.

ಕೊನೆಗೆ ನೀಲವ್ವನ ಕಣ್ಣು ಮೂಲೆಯಲ್ಲಿದ್ದ ಹಳೆಯ ಒನಕೆಯ ಮೇಲೆ ಬಿತ್ತು. “ಇದಕ್ಕಿಂತ ಒಣಗಿದ ಮರ ಮನೆಯಲ್ಲಿಲ್ಲ. ನಾಳೆ ಇದನ್ನೇ ಸೀಳಿ ಒಲೆಗಿಡುತ್ತೇನೆ,” ಎಂದಳು.

ಅವಳು ಅತ್ತ ಹೋದ ಮೇಲೆ ಒನಕೆ ಕೇಳಿತು: “ನಾನು ಉರಿದರೆ ಆ ಚುಂಯ್ ಸದ್ದು ನಿಲ್ಲುತ್ತದೆಯೇ?”

“ಇಲ್ಲ. ಸೋರುತ್ತಿರುವುದು ನಾನು,” ಎಂದಿತು ಹಂಡೆ.

“ಹಾಗಾದರೆ ನಾನೇಕೆ ಉರಿಯಬೇಕು?”

ಮರುದಿನ ಒಲೆ ಹಚ್ಚುವ ಮುಂಚೆ ನೀಲವ್ವ ನೀರು ಸುರಿಯುತ್ತಿದ್ದಂತೆ ಹಂಡೆ ಮೈ ಕೊಡವಿ ತಳದ ಮಸಿಯನ್ನು ಉದುರಿಸಿಕೊಂಡಿತು. ತಣ್ಣನೆಯ ಬೂದಿಯ ಮೇಲೆ ಹನಿ ತೊಟ್ಟಿಕ್ಕಿದ್ದನ್ನು ನೀಲವ್ವ ಕಂಡಳು.

ಬೆಸುಗೆಯವನು ಬಂದು, ಬಾಯಲ್ಲಿದ್ದ ಎಲೆಅಡಿಕೆ ಮುಗಿಯುವುದರೊಳಗೆ ತೂತು ಮುಚ್ಚಿ ಹೋದ. ಅದೇ ಸೌದೆಯಲ್ಲಿ ನೀರು ಕುದಿಯಿತು.

“ಇಷ್ಟಕ್ಕೆ ನನ್ನನ್ನು ಸುಡಲು ಬಿಡುತ್ತಿದ್ದೆಯಾ?” ಎಂದಿತು ಒನಕೆ.

“ಇಷ್ಟೇ ಎಂದು ನನಗೂ ಗೊತ್ತಿರಲಿಲ್ಲ,” ಎಂದಿತು ಹಂಡೆ.